ಕಮಾಡಿಟಿ ಟ್ರೇಡಿಂಗ್: ರೇಟ್ ನೋಡೋಕೆ ಮುಂಚೆ ಲಾಟ್ ನೋಡಿ

ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ, "ಸರ್, ಕಮಾಡಿಟಿ ಶುರು ಮಾಡ್ಬೇಕು, ಎಷ್ಟು ದುಡ್ಡು ಹಾಕ್ಬೇಕು?" ಇನ್ನೊಂದು ಪ್ರಶ್ನೆ ಚಿಕ್ಕಮಗಳೂರು, ಸಕಲೇಶಪುರ, ಕೊಡಗು ಕಡೆಯವ್ರದ್ದು, "ನಮ್ ತೋಟದ ಕಾಫಿ ರೇಟನ್ನ ಲಂಡನ್ನೋರು ಯಾಕೆ ಹೇಳ್ಬೇಕು?" ಎರಡಕ್ಕೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ ಒಂದೇ ಕಡೆ ಹಾಕ್ತಿದೀನಿ. ಯಾವುದನ್ನ ತಗೊಳ್ಳಿ ಯಾವುದನ್ನ ಮಾರಿ ಅಂತ ಇಲ್ಲಿ ಸಿಗಲ್ಲ, ಅದನ್ನ ಹೇಳೋ ಟೆಲಿಗ್ರಾಂ ಗ್ರೂಪ್‌ಗಳು ಬೇಕಾದಷ್ಟಿವೆ, ಅವುಗಳ ಬಗ್ಗೆನೂ ಕೆಳಗೆ ಒಂದು ಮಾತಿದೆ.

ಬೇಕಾಗೋದು ಇಷ್ಟೇ: ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಐಟಿಆರ್ ಕಾಪಿ, ಒಂದು ನೋಟ್‌ಬುಕ್ಕು, ಕ್ಯಾಲ್ಕುಲೇಟರು. ಮತ್ತೆ, ಹೋದ್ರೂ ಮನೆ ಖರ್ಚಿಗೆ ತೊಂದ್ರೆ ಆಗದಿರೋ ದುಡ್ಡು. ಹೆಂಡ್ತಿ ಬಳೆ ಅಡ ಇಟ್ಟು ತಂದ ದುಡ್ಡಲ್ಲಿ ಚಿನ್ನದ ಫ್ಯೂಚರ್ಸ್ ಮಾಡೋರೂ ಇದಾರೆ, ದಯವಿಟ್ಟು ಆ ಸಾಲಿಗೆ ಸೇರ್ಬೇಡಿ.

ಹಂತ 1: ಮಂಡಿ ಯಾವುದು, ಎಕ್ಸ್‌ಚೇಂಜ್ ಯಾವುದು ಅಂತ ಬೇರೆ ಮಾಡ್ಕೊಳ್ಳಿ

ಕಮಾಡಿಟಿ ಅಂದ್ರೆ ಸರಕು, ಆದ್ರೆ ಎಲ್ಲಾ ಸರಕೂ ಕಮಾಡಿಟಿ ಅಲ್ಲ. ಯಾರದ್ದಾದ್ರೂ ಒಂದೇ, ಅವ್ರದ್ದರ ಬದ್ಲು ಇವ್ರದ್ದು ಕೊಟ್ರೂ ತಗೊಳ್ಳೋನಿಗೆ ವ್ಯತ್ಯಾಸ ಆಗಲ್ಲ ಅನ್ನೋ ವಸ್ತು ಬೇಕು. 995 ಶುದ್ಧತೆಯ ಚಿನ್ನದ ಗಟ್ಟಿ ಹಂಗೆ, ಕಚ್ಚಾ ತೈಲ ಹಂಗೆ. ಅಡಿಕೆ ಹಂಗಲ್ಲ. ಶಿವಮೊಗ್ಗದ ಧಾರಣೆ ಪಟ್ಟಿ ತೆಗೆದು ನೋಡಿ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಸಾಲು ಸಾಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ, ಒಂದೇ ದಿನ ಒಂದೇ ಊರಲ್ಲಿ ಕನಿಷ್ಠಕ್ಕೂ ಗರಿಷ್ಠಕ್ಕೂ ಸಾವಿರಗಟ್ಲೆ ಅಂತರ. (ಮಾದರಿ ಅಂದ್ರೆ ಅವತ್ತು ಹೆಚ್ಚು ಮಾಲು ಹೋದ ಬೆಲೆ. ಪೇಪರ್‌ನಲ್ಲಿ ಗರಿಷ್ಠ ನೋಡಿ ಹೋಗಿ ಬೇಜಾರ್ ಮಾಡ್ಕೊಂಡು ಬರೋರು ಮಾದರಿ ನೋಡೋ ಅಭ್ಯಾಸ ಮಾಡ್ಕೊಳ್ಳಿ.) ಅದಕ್ಕೇ ಅಲ್ಲಿ ವ್ಯಾಪಾರಿ ಬಂದು ಚೀಲದಿಂದ ಒಂದ್ ಹಿಡಿ ತೆಗೆದು, ಬಣ್ಣ ನೋಡಿ, ಒಂದನ್ನ ಒಡೆದು ಒಳಗೆ ನೋಡಿ ಆಮೇಲೆ ಟೆಂಡರ್ ಹಾಕೋದು.

ಎಪಿಎಂಸಿ ವ್ಯವಹಾರ ಸ್ಪಾಟ್, ಅಂದ್ರೆ ಮಾಲು ಎದುರಿಗಿದೆ, ಇವತ್ತಿನ ಬೆಲೆ, ಇವತ್ತೇ ತೂಕ. ಗೇಟಲ್ಲಿ ಎಂಟ್ರಿ ಆಗಿ ನಿಮ್ಮ ಮೂಟೆಗಳಿಗೆ ಲಾಟ್ ನಂಬರ್ ಬೀಳುತ್ತೆ, ವ್ಯಾಪಾರಿಗಳು ಕಂಪ್ಯೂಟರಲ್ಲಿ ಬಿಡ್ ಹಾಕ್ತಾರೆ, ಹೆಚ್ಚು ಹಾಕಿದವ್ರ ಹೆಸ್ರು ಬರುತ್ತೆ, ಬೆಲೆ ಸರಿ ಬರ್ಲಿಲ್ಲ ಅಂದ್ರೆ ಒಲ್ಲೆ ಅನ್ನೋ ಹಕ್ಕು ರೈತನಿಗಿದೆ. ಕರ್ನಾಟಕದಲ್ಲಿ ಈ ಆನ್‌ಲೈನ್ ಟೆಂಡರ್ ಏಕೀಕೃತ ಮಾರುಕಟ್ಟೆ ವೇದಿಕೆ ಅಂತ 2014ರಲ್ಲೇ ಶುರುವಾಯ್ತು, ಕೇಂದ್ರದ ಇ-ನಾಮ್ ಬಂದಿದ್ದು 2016ರಲ್ಲಿ.

ಫ್ಯೂಚರ್ಸ್ ಅಂದ್ರೆ ಮುಂದಿನ ಯಾವುದೋ ತಿಂಗಳಿಗೆ ಇವತ್ತೇ ಬೆಲೆ ಮಾತಾಡ್ಕೊಳ್ಳೋದು. ಆ ಒಪ್ಪಂದಕ್ಕೆ ಕಾಂಟ್ರಾಕ್ಟ್ ಅಂತಾರೆ, ಅದು ನಡೆಯೋ ಮಾರುಕಟ್ಟೆಗೆ ಎಕ್ಸ್‌ಚೇಂಜ್. ಮಾಲು ಕಣ್ಣಿಗೆ ಕಾಣಲ್ಲ, ಕಾಗದ ಮಾತ್ರ, ಈಗ ಕಾಗದವೂ ಇಲ್ಲ. ಭಾರತದಲ್ಲಿ ಚಿನ್ನ, ಬೆಳ್ಳಿ, ಕಚ್ಚಾ ತೈಲ, ನ್ಯಾಚುರಲ್ ಗ್ಯಾಸು, ತಾಮ್ರ, ಸತು ಇದೆಲ್ಲ ಹೆಚ್ಚಾಗಿ ಎಂಸಿಎಕ್ಸ್ ಅನ್ನೋ ಎಕ್ಸ್‌ಚೇಂಜಲ್ಲಿ, ಜೀರಿಗೆ, ಅರಿಶಿನ, ಧನಿಯಾ, ಗೋರಿಕಾಯಿ ಬೀಜದಂಥ ಕೃಷಿ ಮಾಲು ಎನ್‌ಸಿಡೆಕ್ಸ್‌ನಲ್ಲಿ. ಎರಡೂ 2003ರಲ್ಲಿ ಶುರುವಾದವು. 2015ರ ಸೆಪ್ಟೆಂಬರ್‌ವರೆಗೆ ಇವನ್ನ ನೋಡ್ಕೊಳ್ಳೋಕೆ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ ಅಂತ ಬೇರೆ ಇತ್ತು, ಆಮೇಲೆ ಅದನ್ನ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿ ಒಳಗೇ ಸೇರಿಸಿದ್ರು.

ಒಂದು ಮಾತು ಇಲ್ಲೇ ತಲೆಗೆ ಹಾಕ್ಕೊಳ್ಳಿ. ಮಂಡಿಲಿ ಲಾಟ್ ಅಂದ್ರೆ ನೀವು ತಂದ ಮೂಟೆಗಳ ರಾಶಿ, ಐದಿದ್ರೆ ಐದು, ಐವತ್ತಿದ್ರೆ ಐವತ್ತು. ಎಕ್ಸ್‌ಚೇಂಜಲ್ಲಿ ಲಾಟ್ ಅಂದ್ರೆ ಅವರೇ ಮೊದ್ಲೇ ಹೊಲಿದಿಟ್ಟ ಮೂಟೆ, ಬಿಚ್ಚಿ ಅರ್ಧ ಕೊಡಿ ಅಂದ್ರೆ ಕೊಡಲ್ಲ.

ಹಂತ 2: ನಿಮ್ಮ ಮಾಲಿನ ಬೆಲೆ ಎಲ್ಲಿ ಹುಟ್ಟುತ್ತೆ ಅಂತ ಹುಡುಕಿ

ಕಾಫಿಯನ್ನೇ ತಗೊಳ್ಳೋಣ. ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್. ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದೇ ಆದ್ರೂ, ಪ್ರಪಂಚದ ಲೆಕ್ಕಕ್ಕೆ ನಾವು ಸಣ್ಣೋರು, ರೋಬಸ್ಟಾದಲ್ಲಿ ವಿಯೆಟ್ನಾಂ, ಅರೇಬಿಕಾದಲ್ಲಿ ಬ್ರೆಜಿಲ್ ದೊಡ್ಡೋರು. ನಮ್ ಕಾಫಿಲಿ ಹೆಚ್ಚಿನದ್ದು ಹೊರದೇಶಕ್ಕೇ ಹೋಗೋದು, ಹಾಗಾಗಿ ಕೊಳ್ಳೋನು ಅಲ್ಲಿನ ಬೆಲೆ ನೋಡೇ ಇಲ್ಲಿ ಬೆಲೆ ಹೇಳ್ತಾನೆ. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಕೊರೆಯೋ ಮಂಜು ಬಿದ್ದು ಗಿಡ ಸುಟ್ಟಾಗ ಇಲ್ಲಿನ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ರೇಟು ಏರಿದ್ದು ಹಂಗೆ.

ನಿಮ್ಮ ಮೂಟೆಗೆ ಎಷ್ಟು ಬರ್ಬೇಕು ಅಂತ ನೀವೇ ಲೆಕ್ಕ ಹಾಕ್ಬಹುದು. ಉದಾಹರಣೆಗೆ ಲಂಡನ್ ರೋಬಸ್ಟಾ ಟನ್ನಿಗೆ 4,000 ಡಾಲರ್, ಡಾಲರ್‌ಗೆ 90 ರೂಪಾಯಿ ಅಂತ ಇಟ್ಕೊಳ್ಳಿ (ಇವತ್ತಿನ ರೇಟ್ ಹಾಕಿ ನೀವು ಮಾಡ್ಕೊಳ್ಳಿ). 4,000 × 90 ಅಂದ್ರೆ ಟನ್ನಿಗೆ 3,60,000, ಕೆಜಿಗೆ 360. ಇದು ಕ್ಲೀನ್ ಬೀಜದ ಬೆಲೆ, ನಿಮ್ಮ ಹತ್ರ ಇರೋದು ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ. 50 ಕೆಜಿ ಚೆರ್ರಿ ಮೂಟೆಲಿ ಎಷ್ಟು ಕೆಜಿ ಕ್ಲೀನ್ ಬೀಜ ಸಿಗುತ್ತೆ ಅನ್ನೋದೇ ಓಟಿ, ಅಂದ್ರೆ ಔಟ್‌ಟರ್ನ್. ಓಟಿ 26 ಬಂದ್ರೆ 26 × 360 = 9,360. ಇದರಿಂದ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಕ್ಲೀನ್ ಮಾಡೋ) ಖರ್ಚು, ಸಾಗಾಣಿಕೆ, ವ್ಯಾಪಾರಿ ಲಾಭ ಕಳೀರಿ, ಕ್ವಾಲಿಟಿಗೆ ಸಿಗೋ ಪ್ರೀಮಿಯಂ ಏನಾದ್ರೂ ಇದ್ರೆ ಸೇರಿಸಿ, ವ್ಯಾಪಾರಿ ಹೇಳಿದ್ದು ಇದರ ಹತ್ರಹತ್ರ ಇದ್ಯಾ ನೋಡಿ. ಡಾಲರ್ 1 ರೂಪಾಯಿ ಏರಿದ್ರೆ ಇದೇ ಮೂಟೆಗೆ 104 ರೂಪಾಯಿ ವ್ಯತ್ಯಾಸ. ಇನ್ನೊಂದು, ಓಟಿ ಒಂದು ಕಡಿಮೆ ಬರ್ದ್ರೆ 360 ರೂಪಾಯಿ ಹೋಯ್ತು. ಲಂಡನ್ ಇಳಿದಿದ್ದಕ್ಕೆ ಬೈಯೋರು ಓಟಿ ತೆಗೆಯೋವಾಗ ಪಕ್ಕದಲ್ಲಿ ನಿಂತಿರಲ್ಲ, ನನ್ನ ಪ್ರಕಾರ ಅಲ್ಲಿ ನಿಲ್ಲೋದೇ ಮುಖ್ಯ.

ಲೋಕಲ್ ಬೆಲೆಗೂ ಫ್ಯೂಚರ್ಸ್ ಬೆಲೆಗೂ ಇರೋ ಈ ಅಂತರಕ್ಕೆ ಬೇಸಿಸ್ ಅಂತಾರೆ.

ಅಡಿಕೆ, ಬ್ಯಾಡಗಿ ಮೆಣಸಿನಕಾಯಿ ಬೆಳೆಯೋರಿಗೆ: ಇವಕ್ಕೆ ಈಗ ನಮ್ ಎಕ್ಸ್‌ಚೇಂಜುಗಳಲ್ಲಿ ಫ್ಯೂಚರ್ಸ್ ಇಲ್ಲ, ಅಡಿಕೆ ಫ್ಯೂಚರ್ಸ್ ಮಾಡಿಸ್ತೀನಿ ಅಂತ ಯಾರಾದ್ರೂ ಬಂದ್ರೆ ಟೀ ಕುಡಿಸಿ ಕಳಿಸಿ, ದುಡ್ಡು ಕೊಡ್ಬೇಡಿ.

ಹಂತ 3: ಕಾಂಟ್ರಾಕ್ಟ್ ವಿವರ ಓದಿ, ಬರ್ಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದು, ಎಲ್ಲರೂ ಹಾರಿಸೋದೂ ಇದನ್ನೇ. ಪ್ರತಿ ಕಾಂಟ್ರಾಕ್ಟಿಗೂ ಎಕ್ಸ್‌ಚೇಂಜ್ ವೆಬ್‌ಸೈಟಲ್ಲಿ ಕಾಂಟ್ರಾಕ್ಟ್ ಸ್ಪೆಸಿಫಿಕೇಶನ್ ಅಂತ ಒಂದು ಹಾಳೆ ಇರುತ್ತೆ. ನೋಟ್‌ಬುಕ್ ತೆಗೀರಿ, ಐದು ಸಾಲು ಬರೀರಿ: ಲಾಟ್ ಎಷ್ಟು, ಬೆಲೆ ಎಷ್ಟರ ಮೇಲೆ ಹೇಳ್ತಾರೆ, 1 ರೂಪಾಯಿ ಆಚೀಚೆ ಆದ್ರೆ ನನಗೆ ಎಷ್ಟು, ಕೊನೇ ದಿನ ಯಾವತ್ತು, ಕೊನೆಗೆ ಮಾಲು ಕೊಡ್ತಾರಾ ಬರೀ ದುಡ್ಡಾ.

ಎಂಸಿಎಕ್ಸ್ ಚಿನ್ನ ತಗೊಳ್ಳಿ. ಗೋಲ್ಡ್ ಅಂತ ಬರೀ ಹೆಸರಿರೋದು 1 ಕೆಜಿ ಲಾಟು. ಗೋಲ್ಡ್ ಮಿನಿ 100 ಗ್ರಾಂ. ಇವೆರಡರ ಬೆಲೆ ಸ್ಕ್ರೀನಲ್ಲಿ 10 ಗ್ರಾಂ ಲೆಕ್ಕದಲ್ಲಿ ಬರುತ್ತೆ. ಗೋಲ್ಡ್ ಗಿನಿ 8 ಗ್ರಾಂ, ಬೆಲೆಯೂ 8 ಗ್ರಾಂಗೆ. ಗೋಲ್ಡ್ ಪೆಟಲ್ 1 ಗ್ರಾಂ, ಬೆಲೆಯೂ 1 ಗ್ರಾಂಗೆ. ಸ್ಕ್ರೀನಲ್ಲಿ ಗೋಲ್ಡೂ ಮಿನಿಯೂ ಹೆಚ್ಚುಕಮ್ಮಿ ಒಂದೇ ಬೆಲೆ ತೋರಿಸ್ತವೆ, ಆದ್ರೆ 1 ರೂಪಾಯಿ ಇಳಿದ್ರೆ ಮಿನಿಲಿ 10 ರೂಪಾಯಿ ಹೋಗುತ್ತೆ, ದೊಡ್ಡ ಗೋಲ್ಡಲ್ಲಿ 100. ಹೆಸರಲ್ಲಿ ಒಂದು ಪದ ತಪ್ಪಿ ಒತ್ತಿದ್ರೆ ಹತ್ತು ಪಟ್ಟು.

ಬೆಳ್ಳಿ 30 ಕೆಜಿ, ಮಿನಿ 5 ಕೆಜಿ, ಮೈಕ್ರೋ 1 ಕೆಜಿ. ಕ್ರೂಡ್, ಅಂದ್ರೆ ಕಚ್ಚಾ ತೈಲ, 100 ಬ್ಯಾರಲ್, ಮಿನಿ 10 ಬ್ಯಾರಲ್. ನ್ಯಾಚುರಲ್ ಗ್ಯಾಸ್ 1,250 ಯೂನಿಟ್, ಮಿನಿ 250. ನಾನೇ ಮೊದ್ಲ ಸಲ ಗ್ಯಾಸ್ ತಗೊಂಡಾಗ ರೇಟು 200 ಚಿಲ್ಲರೆ ಕಂಡು ಸಸ್ತಾ ಅಂದ್ಕೊಂಡಿದ್ದೆ, ಲಾಟ್ ನೋಡಿರ್ಲಿಲ್ಲ, ಬರೀ 4 ರೂಪಾಯಿ ಇಳಿಯೋಷ್ಟರಲ್ಲಿ 5,000 ಹೋಗಿತ್ತು, ಊಟ ಮುಗಿಸಿ ಕೈ ತೊಳೆದು ಬರೋಷ್ಟರಲ್ಲಿ.

ಅಂಗಡಿ ರೇಟಿಗೂ ಸ್ಕ್ರೀನ್ ರೇಟಿಗೂ ಯಾಕೆ ತಾಳೆ ಆಗಲ್ಲ ಅಂತಾನೂ ಕೇಳ್ತಾರೆ. ಎಂಸಿಎಕ್ಸ್ ಬೆಲೆ ಅಹಮದಾಬಾದ್ ಲೆಕ್ಕದ್ದು, ಆಮದು ಸುಂಕ ಸೇರಿರುತ್ತೆ, ಜಿಎಸ್‌ಟಿ ಸೇರಿರಲ್ಲ. ಒಡವೆ ಅಂಗಡಿಲಿ 3% ಜಿಎಸ್‌ಟಿ, ಮೇಕಿಂಗು, ವೇಸ್ಟೇಜು ಎಲ್ಲ ಸೇರುತ್ತೆ, ಮೇಲಾಗಿ ನೀವು ಕೇಳೋದು 22 ಕ್ಯಾರಟ್, ಇಲ್ಲಿರೋದು ಗಟ್ಟಿ ಚಿನ್ನ.

ಒಂದೇ ವಸ್ತುಗೆ ಮೂರ್ನಾಲ್ಕು ತಿಂಗಳ ಕಾಂಟ್ರಾಕ್ಟು ಒಟ್ಟಿಗೆ ಓಡ್ತಿರುತ್ತೆ, ಬೆಲೆಯೂ ಬೇರೆ ಬೇರೆ. ದೂರದ ತಿಂಗಳು ಜಾಸ್ತಿ ಇದ್ರೆ ಕಾಂಟ್ಯಾಂಗೋ ಅಂತಾರೆ, ಗೋದಾಮು ಬಾಡಿಗೆ, ಬಡ್ಡಿ ಎಲ್ಲ ಸೇರೋದ್ರಿಂದ ಅದು ಸಹಜ. ಹತ್ತಿರದ್ದೇ ಜಾಸ್ತಿ ಇದ್ರೆ ಬ್ಯಾಕ್‌ವರ್ಡೇಶನ್, ಅಂದ್ರೆ ಸದ್ಯಕ್ಕೆ ಮಾಲು ಸಿಗ್ತಿಲ್ಲ, ಈಗ್ಲೇ ಬೇಕು ಅನ್ನೋರು ಹೆಚ್ಚಿದಾರೆ ಅಂತ ಅರ್ಥ.

ಹಂತ 4: ಮಾರ್ಜಿನ್ ಅಂದ್ರೆ ಅಡ್ವಾನ್ಸ್ ಅಲ್ಲ

ಸೈಟ್ ತಗೊಳ್ಳೋವಾಗ ಟೋಕನ್ ಅಡ್ವಾನ್ಸ್ ಕೊಡ್ತೀವಲ್ಲ, ವ್ಯವಹಾರ ಮುರಿದ್ರೆ ಟೋಕನ್ ಹೋಯ್ತು ಅಷ್ಟೇ. ಮಾರ್ಜಿನ್ನೂ ಹಂಗೇ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಅಲ್ಲ. ಇದು ಜಾಮೀನು, ನಷ್ಟ ಇದನ್ನ ದಾಟಿ ಹೋದ್ರೂ ಕಟ್ಟೋರು ನೀವೇ.

ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 10 ಗ್ರಾಂ ಚಿನ್ನ 1,00,000 ಅಂತ ಇಟ್ಕೊಳ್ಳಿ. ಗೋಲ್ಡ್ ಮಿನಿ ಒಂದು ಲಾಟ್ ಬೆಲೆ 10 ಲಕ್ಷ. ಮಾರ್ಜಿನ್ 10% ಅಂದ್ರೆ 1 ಲಕ್ಷ ಕಟ್ಟಿದ್ರೆ ಸಾಕು, ಇದನ್ನ ನೋಡೇ ಜನ ಖುಷಿ ಆಗೋದು. ಚಿನ್ನ 1% ಇಳಿದು 99,000 ಆಯ್ತು, ನಿಮಗೆ 10,000 ನಷ್ಟ, ಅಂದ್ರೆ ಕಟ್ಟಿದ್ದರಲ್ಲಿ 10% ಹೋಯ್ತು. ಆ ನಷ್ಟವೂ ಕಾಗದದ ಮೇಲೆ ಇರಲ್ಲ, ಅವತ್ತಿನ ಕ್ಲೋಸಿಂಗ್ ಬೆಲೆಗೆ ಲೆಕ್ಕ ಹಾಕಿ ಖಾತೆಯಿಂದ ಕಟ್ ಆಗುತ್ತೆ, ಲಾಭ ಬಂದಿದ್ರೆ ಜಮಾ ಆಗುತ್ತೆ. ಇದಕ್ಕೆ ಎಂಟಿಎಂ ಅಂತಾರೆ, ಮಾರ್ಕ್ ಟು ಮಾರ್ಕೆಟ್. ಬ್ಯಾಲೆನ್ಸ್ ಕಮ್ಮಿ ಆದ್ರೆ ಬ್ರೋಕರ್ ಫೋನ್ ಮಾಡ್ತಾರೆ ಅಥವಾ ಮೆಸೇಜ್ ಬರುತ್ತೆ, ತುಂಬ್ಲಿಲ್ಲ ಅಂದ್ರೆ ಅವರೇ ನಿಮ್ಮ ಪೊಸಿಷನ್ (ನೀವು ಹಿಡ್ಕೊಂಡಿರೋ ಕಾಂಟ್ರಾಕ್ಟು) ಮಾರಿಬಿಡ್ತಾರೆ, ಸಾಮಾನ್ಯವಾಗಿ ಬೆಲೆ ತೀರಾ ಕೆಳಗಿರೋ ಹೊತ್ತಲ್ಲೇ.

ಮಾರ್ಜಿನ್ ಶೇಕಡಾ ಎಷ್ಟು ಅನ್ನೋದೂ ಸ್ಥಿರ ಅಲ್ಲ. ಮಾರ್ಕೆಟ್ ಜೋರಾಗಿ ಕುಣಿದಾಗ ಎಕ್ಸ್‌ಚೇಂಜ್ ಅದನ್ನ ಏರಿಸುತ್ತೆ, ಬೆಲೆ ಕದಲದೇ ಇದ್ರೂ ನೀವು ಇನ್ನಷ್ಟು ದುಡ್ಡು ತುಂಬಬೇಕಾಗುತ್ತೆ. ನಾನು ಹೇಳೋದು, ಒಂದು ಲಾಟ್‌ಗೆ 1 ಲಕ್ಷ ಮಾರ್ಜಿನ್ ಅಂದ್ರೆ ಖಾತೆಲಿ ಎರಡೂವರೆಯಾದ್ರೂ ಇರ್ಲಿ, ಇಲ್ಲ ಅಂದ್ರೆ ಪೆಟಲ್‌ಗೆ ಇಳೀರಿ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಷೇರು ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಬಗ್ಗೆ ಸೆಬಿ 2024ರಲ್ಲಿ ಹೇಳಿದ್ದು ನೆನಪಿರ್ಲಿ, ಮೂರು ವರ್ಷದಲ್ಲಿ 93% ಜನ ನಷ್ಟ. ಅದು ಷೇರಿನ ಲೆಕ್ಕ ನಿಜ, ಆದ್ರೆ ಸಾಲದ ಬಲದ ಮೇಲೆ ಆಡೋ ಆಟ ಎರಡೂ ಕಡೆ ಒಂದೇ.

ಹಂತ 5: ಖಾತೆ ತೆರೀರಿ

ಈಗಾಗ್ಲೇ ಷೇರಿಗೆ ಖಾತೆ ಇದ್ರೆ ಅದೇ ಆಪಲ್ಲಿ ಕಮಾಡಿಟಿ ಸೆಗ್ಮೆಂಟ್ ಆನ್ ಮಾಡಿಸ್ಕೋಬೇಕು, ಆದಾಯದ ದಾಖಲೆ ಕೇಳ್ತಾರೆ, ಮೇಲೆ ಹೇಳಿದ ಸ್ಟೇಟ್‌ಮೆಂಟ್ ಇಲ್ಲಿಗೇ. ಹೊಸಬರಾದ್ರೆ ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆ ತಗೊಂಡು ಸೆಬಿ ವೆಬ್‌ಸೈಟಲ್ಲಿ, ಎಕ್ಸ್‌ಚೇಂಜ್‌ನ ಸದಸ್ಯರ ಪಟ್ಟಿಲಿ ಹೆಸ್ರು ಇದ್ಯಾ ನೋಡಿ. ದುಡ್ಡು ಕಳಿಸೋದು ನಿಮ್ಮ ಸ್ವಂತ ಬ್ಯಾಂಕ್ ಖಾತೆಯಿಂದ ಬ್ರೋಕರ್ ಖಾತೆಗೆ ಮಾತ್ರ, ಯಾರದೋ ಫೋನ್‌ಪೇ ನಂಬರಿಗಲ್ಲ.

ಮೋಸ ಹೋಗೋ ದಾರಿ ಮುಖ್ಯವಾಗಿ ಮೂರು. ಒಂದು ಡಬ್ಬಾ ಟ್ರೇಡಿಂಗ್: ನಿಮ್ಮ ಆರ್ಡರ್ ಎಕ್ಸ್‌ಚೇಂಜಿಗೆ ಹೋಗೋದೇ ಇಲ್ಲ, ಡಬ್ಬಾದೋನು ತನ್ನ ಪುಸ್ತಕದಲ್ಲಿ ಬರ್ಕೋತಾನೆ, ನೀವು ಸೋತ್ರೆ ಅವನಿಗೆ ಲಾಭ, ಗೆದ್ರೆ ಫೋನ್ ಸ್ವಿಚಾಫ್. ಕಾನೂನು ಪ್ರಕಾರ ಅಪರಾಧ ಅದು. ಟ್ರೇಡ್ ಆದ ದಿನ ಕಾಂಟ್ರಾಕ್ಟ್ ನೋಟ್ ಮೇಲ್‌ಗೆ ಬಂತಾ, ಎಕ್ಸ್‌ಚೇಂಜಿಂದ ಎಸ್‌ಎಂಎಸ್ ಬಂತಾ ನೋಡಿ, ಬರ್ಲಿಲ್ಲ ಅಂದ್ರೆ ಅನುಮಾನ ಪಡಿ. ಎರಡು, ಟಿಪ್ಸ್ ಗ್ರೂಪು: ಅರ್ಧ ಜನಕ್ಕೆ ಏರುತ್ತೆ ಅಂತ, ಇನ್ನರ್ಧಕ್ಕೆ ಇಳಿಯುತ್ತೆ ಅಂತ ಕಳಿಸಿದ್ರೆ ಯಾರಿಗಾದ್ರೂ ಸರಿ ಆಗ್ಲೇಬೇಕಲ್ಲ. ಮೂರು, ಗ್ಯಾರಂಟಿ ಲಾಭ. 2013ರ ಜುಲೈ ಕೊನೇಲಿ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ವ್ಯವಹಾರ ನಿಲ್ಲಿಸ್ದಾಗ ಸುಮಾರು 13,000 ಜನರ 5,600 ಕೋಟಿ ರೂಪಾಯಿ ಸಿಕ್ಕಿಹಾಕ್ಕೊಳ್ತು. ಇವತ್ತು ತಗೊಂಡು ಕೆಲವು ವಾರ ಆದ್ಮೇಲೆ ಇಂತಿಷ್ಟು ಹೆಚ್ಚು ಬೆಲೆಗೆ ಮಾರೋ ಜೋಡಿ ಕಾಂಟ್ರಾಕ್ಟು, ಲಾಭ ಮೊದ್ಲೇ ಗೊತ್ತು ಅಂತ ಜನ ಎಫ್‌ಡಿ ಥರ ಹಾಕಿದ್ರು, ಕೊನೆಗೆ ಗೋದಾಮು ತೆಗೆದು ನೋಡಿದ್ರೆ ಲೆಕ್ಕದಲ್ಲಿದ್ದ ಮಾಲೇ ಇಲ್ಲ.

ಹಂತ 6: ಮೊದ್ಲ ಆರ್ಡರ್

ಎಂಸಿಎಕ್ಸ್ ಬೆಳಗ್ಗೆ 9ಕ್ಕೆ ಶುರುವಾದ್ರೆ ರಾತ್ರಿ 11:30ರವರೆಗೆ, ಅಮೆರಿಕದಲ್ಲಿ ಗಡಿಯಾರ ಹಿಂದೆ ಹಾಕಿದ ಚಳಿಗಾಲದ ತಿಂಗಳಲ್ಲಿ 11:55. ಕೃಷಿ ಮಾಲು ಹೆಚ್ಚಿನವು ಸಂಜೆ 5ಕ್ಕೇ ಮುಗೀತವೆ. ಕ್ರೂಡು, ಗ್ಯಾಸು, ಚಿನ್ನ ಎಲ್ಲ ನಿಜವಾಗಿ ಕುಣಿಯೋದು ಸಂಜೆ ಮೇಲೆ, ಅಮೆರಿಕದೋರು ಎದ್ದ ಮೇಲೆ. ಬುಧವಾರ ರಾತ್ರಿ 8ಕ್ಕೆ (ಚಳಿಗಾಲದಲ್ಲಿ 9ಕ್ಕೆ) ಅಲ್ಲಿನ ತೈಲ ದಾಸ್ತಾನು ಲೆಕ್ಕ ಬರುತ್ತೆ, ಗುರುವಾರ ಅದೇ ಹೊತ್ತಿಗೆ ಗ್ಯಾಸಿಂದು. ಹೊಸಬರು ಆ ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟು ಊಟ ಮಾಡಿ, ಕಾಂಟ್ರಾಕ್ಟ್ ಇಟ್ಕೊಂಡು ಅಲ್ಲ, ಅದನ್ನ ಮೊದ್ಲೇ ಮಾರಿ ಖಾಲಿ ಮಾಡ್ಕೊಂಡು.

ವಾಲ್ಯೂಮ್ (ಕೊಳ್ಳೋ ಮಾರೋ ವ್ಯವಹಾರ) ಜಾಸ್ತಿ ಇರೋ ತಿಂಗಳ ಕಾಂಟ್ರಾಕ್ಟನ್ನೇ ಆರಿಸಿ. ಕೊಳ್ಳೋರ ಬೆಲೆಗೂ ಮಾರೋರ ಬೆಲೆಗೂ ನಡುವೆ ಅಂತರ ಜಾಸ್ತಿ ಇದ್ರೆ ತಗೊಂಡ ಕ್ಷಣದಲ್ಲೇ ನಷ್ಟ. ಸಿಕ್ಕಿದ ಬೆಲೆಗೆ ತಗೊಳ್ಳೋ ಮಾರ್ಕೆಟ್ ಆರ್ಡರ್ ಬೇಡ, ಲಿಮಿಟ್ ಆರ್ಡರ್ ಹಾಕಿ, ಅಂದ್ರೆ ಈ ಬೆಲೆಗೆ ಸಿಕ್ರೆ ಮಾತ್ರ ತಗೋತೀನಿ ಅಂತ. ತಗೊಂಡ ಕೂಡ್ಲೇ ಸ್ಟಾಪ್ ಲಾಸ್ ಹಾಕಿ, ಇಷ್ಟಕ್ಕೆ ಇಳಿದ್ರೆ ಮಾರಿ ಹೊರಗೆ ಬರ್ತೀನಿ ಅಂತ. ಆದ್ರೆ ರಾತ್ರಿ ಮುಚ್ಚಿದ ಬೆಲೆಗೂ ಬೆಳಗ್ಗೆ ತೆರೆದ ಬೆಲೆಗೂ ದೊಡ್ಡ ಅಂತರ ಬಿದ್ರೆ ಸ್ಟಾಪ್ ಲಾಸ್ ನೀವು ಹೇಳಿದ ಬೆಲೆಗೇ ನಡೆಯುತ್ತೆ ಅಂತೇನಿಲ್ಲ. ಕೈಲಿ ಚಿನ್ನ ಇಲ್ದೇನೂ ಮೊದ್ಲು ಮಾರಿ ಆಮೇಲೆ ಕೊಳ್ಬಹುದು, ಅದಕ್ಕೆ ಶಾರ್ಟ್ ಅಂತಾರೆ, ಮೊದ್ಲ ತಿಂಗಳು ಆ ಕಡೆ ಹೋಗ್ಬೇಡಿ.

ಹಂತ 7: ಕೊನೇ ದಿನಕ್ಕೆ ಮುಂಚೆ ಹೊರಗೆ ಬನ್ನಿ

ಷೇರು ಆದ್ರೆ ಇಳಿದಿದ್ರೂ ಇಟ್ಕೊಂಡು ಕಾಯಬಹುದು, ಇಲ್ಲಿ ಕಾಯೋಕೆ ಆಗಲ್ಲ, ಕಾಂಟ್ರಾಕ್ಟಿಗೆ ಸಾಯೋ ದಿನ ಬರ್ದಿರುತ್ತೆ. ಚಿನ್ನ, ಬೆಳ್ಳಿ, ತಾಮ್ರದಂಥ ಲೋಹಕ್ಕೆ ಎಂಸಿಎಕ್ಸ್‌ನಲ್ಲಿ ಕಡ್ಡಾಯ ಡೆಲಿವರಿ, ಕೊನೇ ದಿನದವರೆಗೆ ಹಿಡ್ಕೊಂಡ್ರೆ ಪೂರ್ತಿ ದುಡ್ಡು ಕಟ್ಟಿ ಮಾಲು ತಗೋಬೇಕು. ಕೊನೇ ಕೆಲವು ದಿನ ಟೆಂಡರ್ ಪೀರಿಯಡ್ ಅಂತ, ಆಗ ಮಾರ್ಜಿನ್ನೂ ಏರುತ್ತೆ. ಹೆಚ್ಚಿನ ಬ್ರೋಕರ್‌ಗಳು ಅದಕ್ಕೆ ಮುಂಚೆನೇ ಪೊಸಿಷನ್ ಮುಚ್ಚಿಬಿಡ್ತಾರೆ, ನಿಮ್ಮ ಬ್ರೋಕರ್ ಯಾವತ್ತು ಮುಚ್ತಾರೆ ಅಂತ ಕೇಳಿ ಕ್ಯಾಲೆಂಡರಲ್ಲಿ ಗುರುತು ಹಾಕಿ. ಇನ್ನೂ ಮುಂದುವರಿಸ್ಬೇಕು ಅಂದ್ರೆ ಇದನ್ನ ಮಾರಿ ಮುಂದಿನ ತಿಂಗಳಿಂದು ಕೊಳ್ಬೇಕು, ಅದಕ್ಕೆ ರೋಲ್ ಓವರ್ ಅಂತಾರೆ.

ಕ್ರೂಡ್ ಬರೀ ದುಡ್ಡಲ್ಲಿ ತೀರುತ್ತೆ, ಹಾಗಾಗಿ ಅಪಾಯ ಕಮ್ಮಿ ಅಂತ ಅಂದ್ಕೊಂಡಿದ್ರು 2020ರ ಏಪ್ರಿಲ್ 20ರವರೆಗೆ. ಲಾಕ್‌ಡೌನ್ ಅಂತ ಆಗ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ತಿತ್ತು. ಅವತ್ತು ಮುಚ್ಚೋವಾಗ ಕ್ರೂಡ್ ಬ್ಯಾರಲ್‌ಗೆ 965 ರೂಪಾಯಿ. ರಾತ್ರಿ ಅಮೆರಿಕದಲ್ಲಿ ತೈಲ ಇಡೋಕೆ ಜಾಗ ಇಲ್ದೆ, ತಗೊಂಡೋಗಿ ನಾವೇ ದುಡ್ಡು ಕೊಡ್ತೀವಿ ಅನ್ನೋ ಸ್ಥಿತಿ ಬಂದು ಬೆಲೆ ಮೈನಸ್ 37.63 ಡಾಲರ್ ಆಯ್ತು. ಎಂಸಿಎಕ್ಸ್ ಕಾಂಟ್ರಾಕ್ಟ್ ಆ ಬೆಲೆಗೇ ಕಟ್ಟಿಕೊಂಡಿದ್ದರಿಂದ ಕೊನೇ ಲೆಕ್ಕ ಮೈನಸ್ 2,884 ರೂಪಾಯಿಗೆ ಆಯ್ತು. 965ಕ್ಕೆ ಹಿಡ್ಕೊಂಡು ಮನೆಗೆ ಹೋದೋರಿಗೆ ಬ್ಯಾರಲ್‌ಗೆ 3,849, ಒಂದು ಲಾಟ್ ಅಂದ್ರೆ 100 ಬ್ಯಾರಲ್, 3,84,900 ನಷ್ಟ. ಸೊನ್ನೆಗಿಂತ ಕೆಳಗೆ ಎಲ್ಲಿ ಹೋಗುತ್ತೆ ಅಂತ ಕೊಂಡೋರೂ ಅದರಲ್ಲಿದ್ರು.

ಕೃಷಿ ಮಾಲಿಗೆ ಬೇರೆ ಥರದ ಅಪಾಯ, ಸರ್ಕಾರ. 2021ರ ಡಿಸೆಂಬರ್‌ನಲ್ಲಿ ಭತ್ತ, ಗೋಧಿ, ಕಡಲೆ, ಸಾಸಿವೆ, ಸೋಯಾ, ಕಚ್ಚಾ ತಾಳೆ ಎಣ್ಣೆ, ಹೆಸರುಕಾಳು, ಈ ಏಳರ ಫ್ಯೂಚರ್ಸನ್ನ ಸೆಬಿ ನಿಲ್ಲಿಸಿತು, ಒಂದು ವರ್ಷಕ್ಕೆ ಅಂತ ಹೇಳಿ ಮತ್ತೆ ಮತ್ತೆ ಮುಂದುವರಿಸ್ತು.

ಹಂತ 8: ಖರ್ಚು, ತೆರಿಗೆ

ಬ್ರೋಕರೇಜ್ 20 ರೂಪಾಯಿ ಅಷ್ಟೇ ಅಂತ ಜಾಹೀರಾತು ನೋಡಿ ಮೋಸ ಹೋಗ್ಬೇಡಿ. ಚಿನ್ನ, ಕ್ರೂಡ್‌ನಂಥ ಕೃಷಿಯೇತರ ಮಾಲಿನ ಫ್ಯೂಚರ್ಸ್ ಮಾರೋವಾಗ 0.01% ಸಿಟಿಟಿ (ಕಮಾಡಿಟಿ ವ್ಯವಹಾರದ ತೆರಿಗೆ), ಕೊಳ್ಳೋವಾಗ 0.002% ಸ್ಟಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ, ಬ್ರೋಕರೇಜ್ ಮೇಲೆ 18% ಜಿಎಸ್‌ಟಿ. ಸಿಟಿಟಿ, ಸ್ಟಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ ಲೆಕ್ಕ ಹಾಕೋದು ಮಾರ್ಜಿನ್ ಮೇಲಲ್ಲ, ಪೂರ್ತಿ ಲಾಟ್ ಬೆಲೆ ಮೇಲೆ. 10 ಲಕ್ಷದ ಲಾಟ್‌ಗೆ ಸಿಟಿಟಿನೇ 100 ರೂಪಾಯಿ, ದಿನಕ್ಕೆ ಐದು ಸಲ ಒಳಗೆ ಹೊರಗೆ ಓಡಾಡಿದ್ರೆ ನೀವೇ ಗುಣಿಸಿ.

ಲಾಭ ಬಂದ್ರೆ ಬಿಸಿನೆಸ್ ಆದಾಯ, ಸಂಬಳದೋರಾದ್ರೂ ಐಟಿಆರ್-3 ಹಾಕ್ಬೇಕು. ನಷ್ಟ ಆಗಿದ್ರೂ ಗಡುವಿನೊಳಗೆ ರಿಟರ್ನ್ ಹಾಕಿ ತೋರಿಸಿ, ಆ ನಷ್ಟವನ್ನ 8 ವರ್ಷದವರೆಗೆ ಮುಂದಿನ ಬಿಸಿನೆಸ್ ಲಾಭದಲ್ಲಿ ಕಳ್ಕೋಬಹುದು.

ಹಂತ 9: ಟ್ರೇಡಿಂಗ್ ಬೇಡ, ಬೆಳೆ ಇದೆ ಅನ್ನೋರಿಗೆ

ಕೊಯ್ಲಿನ ಹೊತ್ತಲ್ಲಿ ಬೆಲೆ ಬಿದ್ದಿರುತ್ತೆ, ಕೈ ಸಾಲಕ್ಕೆ ಹೆದ್ರಿ ಮಾರ್ತೀವಿ, ಇದು ಹಳೇ ಕತೆ. ಡಬ್ಲ್ಯುಡಿಆರ್‌ಎ, ಅಂದ್ರೆ ಗೋದಾಮು ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಿರೋ ಗೋದಾಮಿಗೆ ಮಾಲು ಹಾಕಿದ್ರೆ ಇ-ಎನ್‌ಡಬ್ಲ್ಯುಆರ್ ಅಂತ ಎಲೆಕ್ಟ್ರಾನಿಕ್ ರಸೀದಿ ಕೊಡ್ತಾರೆ, ಅದನ್ನ ಬ್ಯಾಂಕಲ್ಲಿ ಅಡ ಇಟ್ಟು ಸಾಲ ತಗೊಂಡು ಬೆಲೆಗೆ ಕಾಯಬಹುದು, ರಸೀದಿಯನ್ನೇ ಮಾರಲೂಬಹುದು. ಬ್ಯಾಂಕು ಮಾಲಿನ ಪೂರ್ತಿ ಬೆಲೆಗೆ ಸಾಲ ಕೊಡಲ್ಲ, ಬೆಲೆ ಇನ್ನೂ ಬಿದ್ರೆ ಉಳಿದಿದ್ದು ಕಟ್ಟಿ ಅಂತಾನೂ ಕೇಳಬಹುದು. ಹಾಕೋಕೆ ಮುಂಚೆ ನೋಂದಣಿ ಇನ್ನೂ ಚಾಲ್ತಿಲಿದ್ಯಾ, ನಿಮ್ಮ ಬೆಳೆಯನ್ನ ತಗೋತಾರಾ ಕೇಳಿ. ತೇವಾಂಶ ಅಳೆಯೋವಾಗ, ಗ್ರೇಡ್ ಬರೆಯೋವಾಗ ಅಲ್ಲೇ ನಿಂತಿರಿ. ತಿಂಗಳ ಬಾಡಿಗೆ ಚೀಲಕ್ಕಾ ಕ್ವಿಂಟಾಲ್‌ಗಾ, ಇನ್ಶೂರೆನ್ಸ್ ಯಾರು ಕಟ್ಟೋದು ಅಂತ ಬಾಯಿಮಾತಲ್ಲಿ ಬೇಡ, ಬರ್ಸ್ಕೊಳ್ಳಿ. ಬಾಡಿಗೆ, ಬಡ್ಡಿ ಎರಡನ್ನೂ ಕೂಡಿಸಿ ತಿಂಗಳಿಗೆ ಕ್ವಿಂಟಾಲ್‌ಗೆ ಎಷ್ಟು ಬೀಳುತ್ತೆ ಅಂತ ನೋಟ್‌ಬುಕ್ಕಲ್ಲಿ ಬರೀರಿ, ಬೆಲೆ ಅಷ್ಟಕ್ಕಿಂತ ಜಾಸ್ತಿ ಏರಿದ್ರೆ ಮಾತ್ರ ಕಾದಿದ್ದಕ್ಕೆ ಲಾಭ.